ಓದುಗರ ಪ್ರಶ್ನೆ: ಆಟಿಸಂ ಸಂಶೋಧನೆಯ ಹಣ ಯಾರ ಪ್ರಶ್ನೆಗೆ ಹೋಗಬೇಕು?

ಮಕ್ಕಳ ಬೆಳವಣಿಗೆಯ ತೊಂದರೆಗಳ ಕುರಿತು ಹಿಂದಿನ ಸಂಚಿಕೆಯಲ್ಲಿ ಬರೆದ ಉತ್ತರಗಳಿಗೆ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಆಟಿಸಂ (ಮಾತುಕತೆ, ಇತರರೊಂದಿಗೆ ಬೆರೆಯುವುದು ಕಷ್ಟವಾಗುವ ಬೆಳವಣಿಗೆಯ ತೊಂದರೆ) ಬಗೆಗಿನ ಸಂಶೋಧನೆಯನ್ನೂ ಅದಕ್ಕೆ ಬೇಕಾಗುವ ಹಣವನ್ನೂ ಕುರಿತಿದ್ದವು. ಈ ಬಾರಿಯ ಅಂಕಣವನ್ನು ಆ ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಸೂಚಿಸಲಾಗಿದೆ.

ಪ್ರಶ್ನೆ: ನಾನು ಅಡಿಕೆ ಬೆಳೆಗಾರ. ಮೊಮ್ಮಗನಿಗೆ ಆಟಿಸಂ ಇದೆ. ತೀರಿಕೊಂಡ ನನ್ನ ಪತ್ನಿಯ ಹೆಸರಿನಲ್ಲಿ ಹತ್ತು ಲಕ್ಷ ರೂಪಾಯಿಯ ದತ್ತಿನಿಧಿ ಇರಿಸಿ, ಅದರ ಬಡ್ಡಿಯಿಂದ ಆಟಿಸಂ ಬಗ್ಗೆ ಸಂಶೋಧನೆ ನಡೆಯುವಂತೆ ಮಾಡಬೇಕೆಂಬ ಆಸೆಯಿದೆ. ಸಂಶೋಧನೆ ದೊಡ್ಡವರ ಕೆಲಸ, ವಿಶೇಷ ಶಾಲೆಗೆ ಕೊಡಿ ಎಂದು ಮಗ ಹೇಳುತ್ತಾನೆ. ಯಾರ ಮಾತು ಸರಿ?
(ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಲೆಕ್ಕದಿಂದಲೇ ಆರಂಭಿಸುತ್ತೇನೆ. ದತ್ತಿನಿಧಿ ಎಂಬ ನಮ್ಮ ರೂಢಿಯ ಏರ್ಪಾಡು ಉಪನ್ಯಾಸಕ್ಕೆ, ಚಿನ್ನದ ಪದಕಕ್ಕೆ, ವಿದ್ಯಾರ್ಥಿವೇತನಕ್ಕೆ ಹೊಂದುವಷ್ಟು ಸಂಶೋಧನೆಗೆ ಹೊಂದುವುದಿಲ್ಲ. ಹತ್ತು ಲಕ್ಷಕ್ಕೆ ಶೇಕಡಾ 7ರಂತೆ ಬಡ್ಡಿ ಬಂದರೆ ವರ್ಷಕ್ಕೆ 70 ಸಾವಿರ ರೂಪಾಯಿ ಆಗುತ್ತದೆ. ಕೇಂದ್ರ ಸರ್ಕಾರದ ಅನುದಾನದಲ್ಲಿ ದುಡಿಯುವ ಕಿರಿಯ ಸಂಶೋಧಕರಿಗೆ, ಅಂದರೆ ಜೆ.ಆರ್.ಎಫ್. ಪಡೆದವರಿಗೆ, 2023ರಿಂದ ತಿಂಗಳಿಗೆ 37 ಸಾವಿರ ರೂಪಾಯಿಯ ಫೆಲೋಶಿಪ್ ನಿಗದಿಯಾಗಿದೆ. ತಮ್ಮ ಇಡೀ ವರ್ಷದ ಬಡ್ಡಿ ಅಂಥ ಒಬ್ಬರ ಎರಡು ತಿಂಗಳ ಫೆಲೋಶಿಪ್‌ಗೂ ಸಾಲದು. ಹೀಗೆ ಇರಿಸಿದ ನಿಧಿ ಕೊನೆಗೆ ವರ್ಷಕ್ಕೊಂದು ವಿಚಾರ ಸಂಕಿರಣ, ಒಂದು ಬ್ಯಾನರ್, ಒಂದು ಊಟ ಎಂಬಲ್ಲಿಗೆ ಬಂದು ನಿಲ್ಲುವುದನ್ನು ನಾವೆಲ್ಲ ನೋಡಿದ್ದೇವೆ.

ಅದೇ ಹಣವನ್ನು ಅಸಲು ಸಮೇತ ಎರಡು ವರ್ಷಗಳಲ್ಲಿ ಖರ್ಚು ಮಾಡಲು ತಾವು ಒಪ್ಪುವಿರಾದರೆ ಮಾತು ಬೇರೆಯಾಗುತ್ತದೆ. ಹಳ್ಳಿಗಳಲ್ಲಿ ಓಡಾಡುವ ಒಬ್ಬ ಕ್ಷೇತ್ರ ಕಾರ್ಯಕರ್ತೆಯ ಸಂಬಳ, ಕುಟುಂಬಗಳ ಬಸ್ ಖರ್ಚು ಮತ್ತು ಒಂದು ದಿನದ ಕೂಲಿ ನಷ್ಟ, ತಿಂಗಳಿಗೊಮ್ಮೆ ತಜ್ಞರು ತಾಲ್ಲೂಕಿಗೆ ಬಂದು ಮಕ್ಕಳನ್ನು ನೋಡುವ ವೆಚ್ಚ, ಇಷ್ಟನ್ನು ಆ ಮೊತ್ತ ಭರಿಸಬಲ್ಲದು. ಅಸಲು ಕರಗಿದರೆ ಹೆಸರೂ ಅಳಿಯುತ್ತದೆ ಎಂಬ ಅಳುಕು ಸಹಜವೇ, ಆದರೆ ಅಧ್ಯಯನದ ಫಲವಾಗಿ ಬರುವ ವರದಿಯಲ್ಲಿ ಹಣ ಕೊಟ್ಟವರ ಹೆಸರನ್ನು ಅಚ್ಚು ಹಾಕುವುದು ಎಲ್ಲೆಡೆ ಇರುವ ಪದ್ಧತಿ.

ಇನ್ನು ಶಾಲೆಯೋ ಸಂಶೋಧನೆಯೋ ಎಂಬ ಪ್ರಶ್ನೆ. ತಮ್ಮ ತಾಲ್ಲೂಕಿನ ವಿಶೇಷ ಶಾಲೆಯ ಶಿಕ್ಷಕಿಗೆ ಸಂಬಳ ಕೊಡಲು ಹಣವಿಲ್ಲದ ಪರಿಸ್ಥಿತಿ ಇದ್ದರೆ, ಅದನ್ನು ಬಿಟ್ಟು ಸಂಶೋಧನೆಗೆ ಕೊಡಿ ಎಂದು ನಾನು ಹೇಳಲಾರೆ. ಹಾಗಿಲ್ಲವಾದರೆ, ಮಲೆನಾಡಿನಲ್ಲಿ ಮಾತ್ರ ಉತ್ತರ ಸಿಗಬಲ್ಲ ಪ್ರಶ್ನೆಗೆ ಕೊಡಿ. ಒಂದು ಉದಾಹರಣೆಯನ್ನು ಹೇಳುತ್ತೇನೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಸಂಚಾರಿ ವೈದ್ಯಕೀಯ ತಂಡಗಳು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ, ಶಾಲಾ ಮಕ್ಕಳನ್ನು ಒಂದು ಬಾರಿ ತಪಾಸಣೆ ಮಾಡಬೇಕು, ಬೆಳವಣಿಗೆಯಲ್ಲಿ ಹಿಂದುಳಿದಂತೆ ಕಂಡವರನ್ನು ಜಿಲ್ಲಾ ಮಟ್ಟದ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಬೇಕು. ಹಾಗೆ ಕಳುಹಿಸಿದ ಮಕ್ಕಳಲ್ಲಿ ಎಷ್ಟು ಮಂದಿ ಶಿವಮೊಗ್ಗವನ್ನು ನಿಜವಾಗಿ ತಲುಪಿದರು, ತಲುಪಿದವರಲ್ಲಿ ಎಷ್ಟು ಮಂದಿ ಎರಡನೆಯ ಬಾರಿ ಬಂದರು, ಬಾರದವರು ಯಾವ ಹಂತದಲ್ಲಿ ಬಿಟ್ಟರು? ಅನುಮತಿ ಪಡೆದು ರಿಜಿಸ್ಟರುಗಳನ್ನು ನೋಡಿ, ಮನೆಮನೆಗೆ ಹೋಗಿ ಕೇಳಿದರೆ ಇದಕ್ಕೆ ಉತ್ತರ ಸಿಗುತ್ತದೆ. ಮೈಕ್ರೋಸ್ಕೋಪು ಬೇಡ, ಜೀನ್ ಯಂತ್ರ ಬೇಡ. ಆಗುಂಬೆಯ ಸುತ್ತಲಿನ ಒಂಟಿ ಮನೆಯವರು ಜುಲೈ ತಿಂಗಳಿನಲ್ಲಿ ಮಗುವನ್ನು ಎತ್ತಿಕೊಂಡು ಎರಡು ಬಸ್ಸು ಬದಲಿಸಿ ವಾರಕ್ಕೊಮ್ಮೆ ಸ್ಪೀಚ್ ಥೆರಪಿಗೆ ಬರಬೇಕೆಂದು ಚೀಟಿ ಬರೆದುಕೊಡುವ ವ್ಯವಸ್ಥೆಗೆ ಆ ಉತ್ತರದ ಅಗತ್ಯ ತುಂಬ ಇದೆ.

ಹಣವನ್ನು ವ್ಯಕ್ತಿಯ ಕೈಗೆ ಕೊಡಬೇಡಿ. ಸರ್ಕಾರಿ ವೈದ್ಯಕೀಯ ಕಾಲೇಜು, ವಿಶ್ವವಿದ್ಯಾಲಯ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಯ ಖಾತೆಗೆ, ಲಿಖಿತ ಒಪ್ಪಂದದೊಂದಿಗೆ ಕೊಡಿ. ಒಪ್ಪಂದದಲ್ಲಿ ನಾಲ್ಕು ವಿಷಯಗಳು ಇರಲೇಬೇಕು: ಸಂಶೋಧನೆಯ ಪ್ರಶ್ನೆ ಯಾವುದು, ಅಧ್ಯಯನಕ್ಕೆ ಒಳಪಡುವವರ ಹಿತ ಕಾಯುವ ನೈತಿಕ ಸಮಿತಿಯ ಒಪ್ಪಿಗೆ ದೊರೆತ ಮೇಲೆಯೇ ಮೊದಲ ಕಂತು, ಆಡಳಿತ ವೆಚ್ಚವೆಂದು ಸಂಸ್ಥೆ ಹಿಡಿದುಕೊಳ್ಳುವ ಪಾಲು ಎಷ್ಟು, ಮತ್ತು ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಭಾಗವಹಿಸಿದ ಕುಟುಂಬಗಳಿಗೆ ತಲುಪಿಸುವವರು ಯಾರು. ವರ್ಷದ ಕೊನೆಗೆ ಹಣ ಬಳಕೆಯ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ತೆರಿಗೆ ವಿನಾಯಿತಿಯ ಸಂಗತಿಯನ್ನು ತಮ್ಮ ಆಡಿಟರ್ ಬಳಿ ಮೊದಲೇ ವಿಚಾರಿಸಿ.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ಆಟಿಸಂ ಗುರುತಿಸಲು ಪ್ರಶ್ನಾವಳಿಗಳು ಈಗಾಗಲೇ ಇವೆ, ತರಬೇತಿಯಲ್ಲಿ ತೋರಿಸಿದ್ದಾರೆ. ಹಾಗಿರುವಾಗ ಮತ್ತೆ ಅದರ ಬಗ್ಗೆಯೇ ಅಧ್ಯಯನ ಮಾಡಲು ಹಣ ಏಕೆ ಬೇಕು?
(ಹೊಸನಗರ ತಾಲ್ಲೂಕು)

ಉತ್ತರ: ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಕೈಯಲ್ಲಿರುವ ಆ ಹಾಳೆಯಲ್ಲೇ ಇದೆ. ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವ ಎಂ-ಚಾಟ್ ಎಂಬ ಪ್ರಶ್ನಾವಳಿ 16ರಿಂದ 30 ತಿಂಗಳ ಮಕ್ಕಳಿಗಾಗಿ ಅಮೆರಿಕದಲ್ಲಿ ರೂಪುಗೊಂಡದ್ದು, ಪರಿಷ್ಕೃತ ರೂಪದಲ್ಲಿ ಅದರಲ್ಲಿ 20 ಪ್ರಶ್ನೆಗಳಿವೆ. ದಿನನಿತ್ಯದ ಸದ್ದುಗಳಿಂದ ಮಗು ಕಂಗೆಡುತ್ತದೆಯೇ ಎಂಬ ಪ್ರಶ್ನೆಗೆ ಅಲ್ಲಿ ಕೊಟ್ಟಿರುವ ಉದಾಹರಣೆ ವ್ಯಾಕ್ಯೂಮ್ ಕ್ಲೀನರ್‌ನದು. ನಿಮ್ಮ ಅಂಗನವಾಡಿಯ ಮಕ್ಕಳ ಮನೆಗಳಲ್ಲಿ ಅದು ಇರುವುದು ಅಪರೂಪ. ಮಿಕ್ಸಿ ಇದೆ, ಅಡಿಕೆ ಸುಲಿಯುವ ಯಂತ್ರವಿದೆ. ಆದರೆ ಸುಲಿಯುವ ಯಂತ್ರದ ಅಬ್ಬರಕ್ಕೆ ಅಳದ ಮಗುವೇ ಕಡಿಮೆ, ಹಾಗಾಗಿ ಅದನ್ನು ಉದಾಹರಣೆಯಾಗಿ ಹಾಕಿದರೆ ಆಟಿಸಂ ಇಲ್ಲದ ಮಕ್ಕಳೂ ಸಾಲುಸಾಲಾಗಿ ಸಿಕ್ಕಿಬೀಳುತ್ತಾರೆ. ಬೇರೆ ಮಕ್ಕಳಲ್ಲಿ ಆಸಕ್ತಿ ತೋರಿಸುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ತೋಟದ ನಡುವಿನ ಒಂಟಿ ಮನೆಯಲ್ಲಿ ಅಜ್ಜ ಅಜ್ಜಿಯರೊಂದಿಗೆ ಬೆಳೆಯುವ ಎರಡು ವರ್ಷದ ಮಗು ಬೇರೆ ಮಕ್ಕಳನ್ನು ನೋಡುವುದೇ ಯಾರದೋ ಮನೆಯ ಮದುವೆ ಮುಂಜಿಯಲ್ಲಿ. ಅದರ ತಾಯಿ ಏನೆಂದು ಉತ್ತರಿಸಬೇಕು?

ಈ ಕಾರಣಕ್ಕೆ ಒಂದು ಪ್ರಶ್ನಾವಳಿಯನ್ನು ಹೊಸ ಊರಿಗೆ ತಂದಾಗ ಅದನ್ನು ಅಲ್ಲಿಯೇ ಒರೆಗೆ ಹಚ್ಚಬೇಕಾಗುತ್ತದೆ. ನೀವು ಪರೀಕ್ಷಿಸಿದ ಮಕ್ಕಳನ್ನೇ, ನಿಮ್ಮ ಫಲಿತಾಂಶ ಏನೆಂದು ತಿಳಿಯದ ತಜ್ಞರು ಮತ್ತೊಮ್ಮೆ ಪೂರ್ಣವಾಗಿ ಪರೀಕ್ಷಿಸಿ ಎರಡನ್ನೂ ಹೋಲಿಸುತ್ತಾರೆ. ಖರ್ಚು ಬರುವುದು ಈ ಎರಡನೆಯ ಪರೀಕ್ಷೆಗೆ.

ಆ ಖರ್ಚು ಏಕೆ ವ್ಯರ್ಥವಲ್ಲ ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತೋರಿಸುತ್ತೇನೆ. ಸಾವಿರ ಮಕ್ಕಳಲ್ಲಿ ಹತ್ತು ಮಂದಿಗೆ ಆಟಿಸಂ ಇದೆ ಎಂದು ಇಟ್ಟುಕೊಳ್ಳೋಣ. ಪ್ರಶ್ನಾವಳಿ ಆ ಹತ್ತರಲ್ಲಿ ಎಂಟನ್ನು ಹಿಡಿಯುತ್ತದೆ ಮತ್ತು ಉಳಿದ 990 ಮಕ್ಕಳಲ್ಲಿ ನೂರಕ್ಕೆ ಐದರಂತೆ ಮಾತ್ರ ತಪ್ಪಾಗಿ ಗುರುತಿಸುತ್ತದೆ ಎಂದರೆ ಅದು ಒಳ್ಳೆಯ ಪ್ರಶ್ನಾವಳಿಯೇ. ಆದರೂ ತಪ್ಪಾಗಿ ಗುರುತಿಸಲ್ಪಟ್ಟವರು ಸುಮಾರು ಐವತ್ತು ಮಂದಿ, ಸರಿಯಾಗಿ ಗುರುತಿಸಲ್ಪಟ್ಟವರು ಎಂಟೇ ಮಂದಿ. ಆ ಐವತ್ತರಲ್ಲಿ ಕೆಲವರಿಗೆ ಕಿವಿ ಕೇಳಿಸದಿರುವುದು, ಮಾತು ತಡವಾಗುವುದು ಮುಂತಾದ ಬೇರೆ ತೊಂದರೆಗಳಿರಬಹುದು, ಅವರಿಗೆ ತಪಾಸಣೆಯಿಂದ ಉಪಯೋಗವೇ. ಉಳಿದವರು ನಿಮ್ಮ ಮಾತನ್ನು ನಂಬಿ, ಒಂದು ದಿನದ ಕೆಲಸ ಬಿಟ್ಟು, ಹೆದರಿಕೊಂಡು ಶಿವಮೊಗ್ಗಕ್ಕೆ ಹೋಗಿ, ಏನೂ ಇಲ್ಲ ಎನಿಸಿಕೊಂಡು ಬಂದಮೇಲೆ ಮುಂದಿನ ಸಲ ನಿಮ್ಮ ಮಾತಿಗೆ ಯಾವ ಬೆಲೆ ಕೊಟ್ಟಾರು? ನೂರಕ್ಕೆ ಐದನ್ನು ಮೂರಕ್ಕೆ ಇಳಿಸಿದರೆ ತಪ್ಪಾಗಿ ಅಲೆಯುವ ಕುಟುಂಬಗಳಲ್ಲಿ ಇಪ್ಪತ್ತು ಕಡಿಮೆಯಾಗುತ್ತವೆ. ಅಂಥ ಅಧ್ಯಯನಕ್ಕೆ ನಿಮ್ಮಂಥವರನ್ನು ಸೇರಿಸಿಕೊಂಡರೆ ಗೌರವಧನ ಕೊಟ್ಟೇ ಸೇರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಈಗಾಗಲೇ ನಿಮ್ಮ ಮೇಜಿನ ಮೇಲಿರುವ ರಿಜಿಸ್ಟರುಗಳ ರಾಶಿಗೆ ಇನ್ನೊಂದನ್ನು ಬಿಟ್ಟಿಯಾಗಿ ಸೇರಿಸುವ ಹಕ್ಕು ಯಾವ ಸಂಶೋಧಕರಿಗೂ ಇಲ್ಲ.

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ, ಆಟಿಸಂ ಮತ್ತು ಬೌದ್ಧಿಕ ನ್ಯೂನತೆ ಎರಡೂ ಇವೆ. ಜೀನ್ ಸಂಶೋಧನೆಗೆಂದು ಬಂದ ತಂಡದವರು ನಮ್ಮ ಮೂವರ ರಕ್ತ ಕೇಳುತ್ತಿದ್ದಾರೆ. ಕಾಗದ ಇಂಗ್ಲಿಷಿನಲ್ಲಿದೆ. ಕೊಟ್ಟರೆ ಅವಳಿಗೆ ಗುಣವಾಗುವ ಔಷಧಿ ಸಿಗುತ್ತದೆಯೇ?
(ಸಾಗರ ತಾಲ್ಲೂಕು)

ಉತ್ತರ: ತಾಯಿ, ಔಷಧಿಯ ಆಸೆಯಿಂದ ಮಾತ್ರ ರಕ್ತ ಕೊಡುವುದಾದರೆ ಕೊಡಬೇಡಿ, ಏಕೆಂದರೆ ಈ ಅಧ್ಯಯನದಿಂದ ನಿಮ್ಮ ಮಗಳಿಗೆ ಔಷಧಿ ಸಿಗುವ ಸಂಭವವಿಲ್ಲ. ಬೇರೆ ಉಪಯೋಗಗಳಿರಬಹುದು. ಬೌದ್ಧಿಕ ನ್ಯೂನತೆಯೂ ಜೊತೆಗಿರುವ ಮಕ್ಕಳಲ್ಲಿ ಒಂದೇ ಜೀನಿನ ದೋಷ ಕಾರಣವಾಗಿರುವ ಸಂಭವ ಉಳಿದವರಿಗಿಂತ ಹೆಚ್ಚು. ಫ್ರಜೈಲ್ ಎಕ್ಸ್, ಹೆಣ್ಣುಮಕ್ಕಳಲ್ಲಿ ಕಾಣುವ ರೆಟ್ ಸಿಂಡ್ರೋಮ್ ಇಂಥವು. ರೆಟ್ ಸಿಂಡ್ರೋಮಿನ ಜೀನ್ 1999ರಲ್ಲಿಯೇ ಪತ್ತೆಯಾಗಿದೆ. ಕಾರಣ ತಿಳಿದರೆ ಮುಂದೆ ಫಿಟ್ಸ್ ಬರುವ ಅಪಾಯವಿದೆಯೇ, ಇನ್ನೊಂದು ಮಗುವಿಗೂ ಹೀಗಾಗುವ ಸಾಧ್ಯತೆ ಎಷ್ಟು ಎಂಬುದನ್ನು ವೈದ್ಯರು ಹೇಳಬಲ್ಲರು. ಕಾರಣ ತಿಳಿಯದೆಯೂ ಹೋಗಬಹುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿಯ ಪ್ರಕಾರ ಮಾಹಿತಿ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಮತ್ತು ಅದರ ಒಂದು ಪ್ರತಿ ನಿಮ್ಮಲ್ಲಿ ಉಳಿಯಬೇಕು. ಕನ್ನಡದ ಕಾಗದ ಬರುವವರೆಗೆ ಸಹಿ ಹಾಕಬೇಡಿ, ಅದು ಒರಟುತನವೂ ಅಲ್ಲ, ಅವಿಶ್ವಾಸವೂ ಅಲ್ಲ. ಏಳು ವರ್ಷ ದಾಟಿದ ಮಕ್ಕಳಿಗೆ, ಅವರಿಗೆ ತಿಳಿಯುವಷ್ಟರ ಮಟ್ಟಿಗೆ ವಿವರಿಸಿ, ಅವರ ಸಮ್ಮತಿಯನ್ನೂ ಕೇಳಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಮಗಳು ಮಾತಾಡದಿದ್ದರೂ ಸೂಜಿ ಕಂಡೊಡನೆ ಕೈ ಹಿಂದಕ್ಕೆ ಎಳೆದುಕೊಂಡರೆ ಅದೂ ಒಂದು ಉತ್ತರವೇ. ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಸರಿದರೆ ಅವಳಿಗೆ ಸಿಗುವ ಚಿಕಿತ್ಸೆಗೆ ಧಕ್ಕೆಯಾಗಬಾರದು. ರಕ್ತದ ಮಾದರಿ ಎಲ್ಲಿರುತ್ತದೆ, ಎಷ್ಟು ಕಾಲ ಇರುತ್ತದೆ, ಬೇರೆ ಅಧ್ಯಯನಕ್ಕೂ ಬಳಸುತ್ತಾರೆಯೇ, ಫಲಿತಾಂಶವನ್ನು ನಿಮಗೆ ತಿಳಿಸುತ್ತಾರೆಯೇ, ತಿಳಿಸುವಾಗ ಕೂರಿಸಿ ವಿವರಿಸುವವರು ಇರುತ್ತಾರೆಯೇ ಎಂದು ಕೇಳಿ. ಕೊನೆಯದು ಮುಖ್ಯ. ದೋಷ ತಾಯಿಯಿಂದ ಬಂದಿದೆ ಎಂಬ ಒಂದು ಸಾಲಿನ ಕಾಗದ ಅಂಚೆಯಲ್ಲಿ ಬಂದರೆ ಮನೆಯೊಳಗೆ ಏನಾಗಬಹುದೆಂದು ನಿಮಗೆ ಹೇಳಬೇಕಾಗಿಲ್ಲ.

ನಿಮ್ಮ ತಾಲ್ಲೂಕಿನವರಿಗೆ ಈ ಎಚ್ಚರಿಕೆ ಹೊಸದೇನೂ ಇರಲಾರದು. ಅಲ್ಲಿನ ಹಂದಿಗೋಡು ಗ್ರಾಮದ ಹೆಸರಿನಿಂದಲೇ ಕರೆಯಲಾಗುವ ಕೀಲು ಮೂಳೆಗಳ ಕಾಯಿಲೆ 1970ರ ದಶಕದಲ್ಲಿ ಬೆಳಕಿಗೆ ಬಂದಾಗಿನಿಂದ ಅಧ್ಯಯನ ತಂಡಗಳು ಆ ಭಾಗದ ದಲಿತ ಕುಟುಂಬಗಳ ಬಳಿಗೆ ಬಂದಿವೆ, ಅದು ಆನುವಂಶಿಕವೆಂಬುದು ಆ ಅಧ್ಯಯನಗಳಿಂದಲೇ ತಿಳಿಯಿತು. ಆದರೆ ಅಷ್ಟು ತಿಳಿದುದರಿಂದ ನಡೆಯಲಾರದವರು ನಡೆಯುವಂತಾಗಲಿಲ್ಲ. ಮಾದರಿ ಸಂಗ್ರಹಕ್ಕೆ ಹಣ ಕೊಡುವವರು, ಮಾದರಿ ಕೊಟ್ಟವರ ಆರೈಕೆಗೂ ಅದೇ ಯೋಜನೆಯಲ್ಲಿ ಒಂದು ಪಾಲನ್ನು ತೆಗೆದಿಡಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಪ್ರಶ್ನೆ: ಆಟಿಸಂ ಸಂಶೋಧನೆ ಎಂದಾಗಲೆಲ್ಲ ಜೀನು, ಇಲಿ, ಮಿದುಳಿನ ಸ್ಕ್ಯಾನು ಎಂದೇ ಓದುತ್ತೇವೆ. ನನ್ನ ತರಗತಿಯಲ್ಲಿ ಕುಳಿತಿರುವ ಮಗುವಿಗೆ ಇದರಿಂದ ಏನು ಲಾಭ? ಇದು ಹಣ ಪೋಲು ಮಾಡಿದಂತಲ್ಲವೇ?
(ಸರ್ಕಾರಿ ಶಾಲಾ ಶಿಕ್ಷಕರು, ಸೊರಬ)

ಉತ್ತರ: ಪೋಲು ಎನ್ನುವುದನ್ನು ನಾನು ಒಪ್ಪುವುದಿಲ್ಲ, ಹಂಚಿಕೆ ಸರಿಯಿಲ್ಲ ಎನ್ನುವುದನ್ನು ಒಪ್ಪುತ್ತೇನೆ. ನಮ್ಮ ಬೆಂಗಳೂರಿನಲ್ಲಿಯೇ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿನ್‌ಗ್ಯಾಪ್ ಎಂಬ ಜೀನಿನ ಮೇಲೆ ಕೆಲಸ ನಡೆಯುತ್ತಿದೆ. ಅದರಲ್ಲಿ ದೋಷವಿರುವ ಮಕ್ಕಳಿಗೆ ಬೌದ್ಧಿಕ ನ್ಯೂನತೆ, ಫಿಟ್ಸ್, ಹಲವು ಬಾರಿ ಆಟಿಸಂ ಇರುತ್ತದೆ. ನರಕೋಶಗಳ ನಡುವಿನ ಸಂಪರ್ಕ ಯಾವ ವಯಸ್ಸಿನಲ್ಲಿ ಹೇಗೆ ಕೆಡುತ್ತದೆ ಎಂಬುದನ್ನು ಮಗುವಿನ ಮಿದುಳನ್ನು ತೆರೆದು ನೋಡಲಾಗದು. ಆದ್ದರಿಂದ ಇಲಿ. ಇದರ ಫಲ ಬರಲು ದಶಕಗಳು ಬೇಕು, ಬಾರದೆಯೂ ಇರಬಹುದು, ಮೂಲ ಸಂಶೋಧನೆಯ ಸ್ವಭಾವವೇ ಹಾಗೆ.

ಆದರೆ ಹೆಚ್ಚು ಹಣ ವೆಚ್ಚ ಮಾಡುವ ಅಮೆರಿಕ, ಬ್ರಿಟನ್ನುಗಳಲ್ಲಿಯೂ ಆಟಿಸಂ ಸಂಶೋಧನೆಯ ದೊಡ್ಡ ಪಾಲು ಜೀವವಿಜ್ಞಾನಕ್ಕೇ ಹೋಗುತ್ತದೆ, ಶಾಲೆ, ಆರೈಕೆ, ಸೇವೆ, ವಯಸ್ಕರ ಜೀವನ ಇವುಗಳಿಗೆ ಸಿಗುವುದು ತೀರ ಸಣ್ಣ ಪಾಲು ಎಂಬ ದೂರು ಅಲ್ಲಿನ ಆಟಿಸಂ ಇರುವವರಿಂದಲೇ ಬಹು ಕಾಲದಿಂದ ಕೇಳಿಬರುತ್ತಿದೆ. ಅರ್ಜಿಗಳನ್ನು ಪರಿಶೀಲಿಸುವ ಸಮಿತಿಗಳಲ್ಲಿ ವಿಜ್ಞಾನಿಗಳೇ ಹೆಚ್ಚಿರುವಾಗ ಅವರಿಗೆ ತಿಳಿದ ಬಗೆಯ ಪ್ರಶ್ನೆಗಳಿಗೇ ಮಣೆ ಸಿಗುವುದು ಆಶ್ಚರ್ಯವಲ್ಲ. ನಮ್ಮ ದೇಶದಲ್ಲಿ ಸಂಶೋಧನೆ ಮತ್ತು ಅಭಿವೃದ್ಧಿಯ ಒಟ್ಟು ವೆಚ್ಚವೇ ದೇಶದ ಉತ್ಪನ್ನದ ಶೇಕಡಾ 0.64ರಷ್ಟು. 2023ರ ಕಾಯಿದೆಯಿಂದ ಅಸ್ತಿತ್ವಕ್ಕೆ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಯ ಗುರಿ ಇಟ್ಟುಕೊಂಡಿದ್ದರೂ ಅದರ ಬಹುಪಾಲು ಖಾಸಗಿ ಮೂಲಗಳಿಂದ ಬರಬೇಕೆಂಬ ಲೆಕ್ಕಾಚಾರವಿದೆ. ಇಷ್ಟು ಕಡಿಮೆ ಹಣವಿರುವಲ್ಲಿ ಆಯ್ಕೆ ಇನ್ನೂ ಎಚ್ಚರದಿಂದ ಆಗಬೇಕು.

ತರಗತಿಯ ಮಗುವಿಗೆ ಹತ್ತಿರವಾದ ಸಂಶೋಧನೆ ಹೇಗಿರುತ್ತದೆ ಎಂಬುದಕ್ಕೆ ನೆರೆಯ ಗೋವೆಯಲ್ಲಿಯೇ ಉದಾಹರಣೆಯಿದೆ. ಅಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ ಒಟ್ಟು 65 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪಾಸ್ ಎಂಬ ಅಧ್ಯಯನದಲ್ಲಿ, ತಜ್ಞರಲ್ಲದ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ತಂದೆತಾಯಿಗಳು ಮಗುವಿನೊಂದಿಗೆ ಆಡುವುದನ್ನು ವಿಡಿಯೋ ಮಾಡಿ, ಅವರ ಜೊತೆ ಕುಳಿತು ಅದನ್ನೇ ನೋಡುತ್ತ, ಮಗು ಎಲ್ಲಿ ಏನನ್ನೋ ಹೇಳಲು ಯತ್ನಿಸಿತು, ಅದಕ್ಕೆ ಹೇಗೆ ಸ್ಪಂದಿಸಬಹುದಿತ್ತು ಎಂಬುದನ್ನು ಚರ್ಚಿಸಿದರು. ತಂದೆತಾಯಿಗಳ ಸ್ಪಂದನೆ ಸುಧಾರಿಸಿತು, ಮಗು ತಾನಾಗಿ ಸಂವಹನಕ್ಕೆ ಮುಂದಾಗುವುದು ಹೆಚ್ಚಿತು. ಎಲ್ಲ ಅಳತೆಗಳಲ್ಲಿಯೂ ಲಾಭ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಬ್ರಿಟನ್ನಿನಲ್ಲಿ ತಜ್ಞರು ಮಾಡುತ್ತಿದ್ದ ಕೆಲಸವನ್ನು ಇಲ್ಲಿನ ಕಾರ್ಯಕರ್ತರು ಮಾಡಬಹುದು ಎಂಬುದಂತೂ ಸಿದ್ಧವಾಯಿತು. ಆ ಅಧ್ಯಯನಕ್ಕೆ ಹಣ ಕೊಟ್ಟದ್ದು ಅಮೆರಿಕದ ಆಟಿಸಂ ಸ್ಪೀಕ್ಸ್ ಎಂಬ ಸಂಸ್ಥೆ. ಗೋವೆಯ ತಾಯಂದಿರ ಪ್ರಶ್ನೆಗೆ ಹಣ ಅಷ್ಟು ದೂರದಿಂದ ಬರಬೇಕಾಯಿತು ಎಂಬುದು ನನ್ನನ್ನು ಈಗಲೂ ಚುಚ್ಚುತ್ತದೆ. ಅದೇ ಕ್ರಮ ಮಲೆನಾಡಿನ ಮಳೆಗಾಲದಲ್ಲಿ, ಕರೆಂಟು ಮತ್ತು ನೆಟ್‌ವರ್ಕ್ ಎರಡೂ ಇಲ್ಲದ ವಾರಗಳಲ್ಲಿ, ವಿಕಲಚೇತನರಿಗೆ ನೆರವಾಗುವ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಮೂಲಕ ನಡೆಯಬಲ್ಲದೇ ಎಂಬುದು ಶಿವಮೊಗ್ಗದಲ್ಲಿ ಹುಡುಕಬೇಕಾದ ಉತ್ತರ.

ಗುಡ್ಡಗಾಡಿನ ಅಗ್ಗದ ಸಂಶೋಧನೆಯೂ ದೇಶದ ನೀತಿಯನ್ನು ಬದಲಿಸಬಲ್ಲದು. 1950ರ ದಶಕದಲ್ಲಿ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಆರಂಭವಾದ ಅಧ್ಯಯನದಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಯೋಡಿನ್ ಬೆರೆಸಿದ ಉಪ್ಪನ್ನು ಕೊಟ್ಟು ಗಳಗಂಡ ಇಳಿಯುವುದನ್ನು ತೋರಿಸಿದರು. ಗರ್ಭಿಣಿಯಲ್ಲಿ ಅಯೋಡಿನ್ ತೀವ್ರವಾಗಿ ಕಡಿಮೆಯಾದರೆ ಮಗುವಿನ ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತದೆ. ನಾವು ಅಂಗಡಿಯಿಂದ ತರುವ ಉಪ್ಪಿನ ಪ್ಯಾಕೆಟ್ಟಿನ ಹಿಂದೆ ಆ ಕಣಿವೆಯ ಕೆಲಸವಿದೆ. 2018ರಲ್ಲಿ ಪ್ರಕಟವಾದ, ಇನ್‌ಕ್ಲೆನ್ ಎಂಬ ಸಂಶೋಧನಾ ಸಂಸ್ಥೆಯ ಅಧ್ಯಯನದಲ್ಲಿಯೂ ಕಾಂಗ್ರಾ ಪ್ರದೇಶ ಸೇರಿತ್ತು. ಐದು ಕಡೆಗಳಲ್ಲಿ ಎರಡರಿಂದ ಒಂಬತ್ತು ವರ್ಷದ 3,964 ಮಕ್ಕಳನ್ನು ಪರೀಕ್ಷಿಸಿದಾಗ ಸುಮಾರು ಎಂಟರಲ್ಲಿ ಒಬ್ಬರಿಗೆ ಬೆಳವಣಿಗೆಯ ಯಾವುದಾದರೊಂದು ತೊಂದರೆ ಕಂಡುಬಂದಿತು. ಹೆರಿಗೆಯ ವೇಳೆ ಉಸಿರು ಕಟ್ಟುವುದು, ಅವಧಿಗೆ ಮುನ್ನ ಜನನ, ಮಿದುಳಿನ ಸೋಂಕು ಮುಂತಾದ ತಡೆಯಬಹುದಾದ ಕಾರಣಗಳ ನಂಟು ಅಲ್ಲಿ ಎದ್ದು ಕಂಡಿತು. ಆ ಐದರಲ್ಲಿ ಕರ್ನಾಟಕದ ಯಾವ ಊರೂ ಇರಲಿಲ್ಲ.

ಪ್ರಶ್ನೆ: ಲಸಿಕೆಯಿಂದ ಆಟಿಸಂ ಬರುತ್ತದೆ ಎನ್ನುತ್ತಾರೆ. ಇದರ ಬಗ್ಗೆ ಇನ್ನಷ್ಟು ಸಂಶೋಧನೆಗೆ ಸರ್ಕಾರ ಹಣ ಕೊಡಬಾರದೇ?
(ಕೊಪ್ಪ)

ಉತ್ತರ: ಕೊಡಬಾರದು. 1998ರಲ್ಲಿ ಕೇವಲ 12 ಮಕ್ಕಳ ವಿವರ ಮುಂದಿಟ್ಟು ಬಂದ ಲೇಖನವೊಂದರಿಂದ ಈ ಗುಮಾನಿ ಹಬ್ಬಿತು. ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಅನಂತರ ನಡೆದ ಹಲವು ಅಧ್ಯಯನಗಳಲ್ಲಿ ಒಂದಾದ ಡೆನ್ಮಾರ್ಕಿನ 2019ರ ಅಧ್ಯಯನ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡಿತ್ತು, ದಡಾರದ ಎಂ.ಎಂ.ಆರ್. ಲಸಿಕೆಗೂ ಆಟಿಸಂಗೂ ನಂಟು ಕಾಣಲಿಲ್ಲ. ಮುಗಿದ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಲು ಖರ್ಚಾದ ಪ್ರತಿ ರೂಪಾಯಿಯೂ ಮುಗಿಯದ ಪ್ರಶ್ನೆಗಳಿಂದ ಕಿತ್ತುಕೊಂಡದ್ದು. ಲಸಿಕೆ ಹಾಕಿಸಿ.

ಪ್ರಶ್ನೆ: ನಗರವೊಂದರ ಕ್ಲಿನಿಕ್ಕಿನವರು ನನ್ನ ಮಗನಿಗೆ ಸ್ಟೆಮ್ ಸೆಲ್ ಚಿಕಿತ್ಸೆ ಕೊಡುತ್ತೇವೆ, ಇದು ಸಂಶೋಧನೆಯ ಭಾಗ ಎಂದು ಹೇಳಿ ಲಕ್ಷಗಟ್ಟಲೆ ಹಣ ಕೇಳುತ್ತಿದ್ದಾರೆ. ಜಮೀನಿನ ಮೇಲೆ ಸಾಲ ಮಾಡಲೇ?
(ಶಿಕಾರಿಪುರ)

ಉತ್ತರ: ಮಾಡಬೇಡಿ. ನಿಜವಾದ ಪ್ರಯೋಗದಲ್ಲಿ ಪರೀಕ್ಷೆಗೆ ಒಳಪಡುವವರಿಂದ ಆ ಚಿಕಿತ್ಸೆಯ ವೆಚ್ಚವನ್ನು ವಸೂಲಿ ಮಾಡುವುದಿಲ್ಲ, ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡುವ ಹೊಣೆ ನಡೆಸುವವರದೇ ಆಗಿರುತ್ತದೆ. ಹಣ ಕೇಳಿದ ಕ್ಷಣವೇ ಅದು ವ್ಯಾಪಾರವೆಂದು ತಿಳಿಯಿರಿ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕ ಮಂಡಳಿ 2022ರಲ್ಲಿಯೇ ತಿಳಿಸಿದೆ. ನಮ್ಮ ದೇಶದಲ್ಲಿ ನಡೆಯುವ ಔಷಧ ಪ್ರಯೋಗಗಳನ್ನೆಲ್ಲ ಸಿ.ಟಿ.ಆರ್.ಐ. ಎಂಬ ಸರ್ಕಾರಿ ನೋಂದಣಿಯಲ್ಲಿ ದಾಖಲಿಸುವುದು 2009ರಿಂದ ಕಡ್ಡಾಯ, ಅದನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ನೋಂದಣಿ ಸಂಖ್ಯೆ ಕೊಡಿ, ನೈತಿಕ ಸಮಿತಿಯ ಒಪ್ಪಿಗೆ ಪತ್ರ ತೋರಿಸಿ ಎಂದು ಕೇಳಿ ನೋಡಿ. ಸಂಖ್ಯೆ ಕೊಟ್ಟರೂ ಅಷ್ಟಕ್ಕೇ ನಂಬಬೇಡಿ, ನೋಂದಣಿಯಾಗಿದೆ ಎಂದರೆ ಫಲಕಾರಿ ಎಂದರ್ಥವಲ್ಲ. ಆ ಹಣದಲ್ಲಿ ನಿಮ್ಮ ಮಗನಿಗೆ ಹಲವು ವರ್ಷಗಳ ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ ಸಿಗುತ್ತದೆ.

ಪ್ರಶ್ನೆ: ನಾನು ಸಮಾಜಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಮಲೆನಾಡಿನಲ್ಲಿ ಬೆಳವಣಿಗೆಯ ನ್ಯೂನತೆಯಿರುವ ಮಕ್ಕಳ ಕುಟುಂಬಗಳ ಬಗ್ಗೆ ಸಂಶೋಧನೆ ಮಾಡಬೇಕೆಂದಿದ್ದೇನೆ. ವೈದ್ಯಳಲ್ಲದ ನನಗೆ ಅನುದಾನ ಸಿಗುತ್ತದೆಯೇ? ಯಾವ ವಿಷಯ ಆರಿಸಿಕೊಳ್ಳಲಿ?
(ಶಂಕರಘಟ್ಟ)

ಉತ್ತರ: ಸಿಗುತ್ತದೆ. ನಿಮ್ಮ ವಿಷಯಕ್ಕೆ ಮೊದಲು ನೋಡಬೇಕಾದದ್ದು ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ, ಅದು ಪಿಎಚ್.ಡಿ. ಫೆಲೋಶಿಪ್‌ಗಳನ್ನೂ ಸಂಶೋಧನಾ ಯೋಜನೆಗಳನ್ನೂ ಕೊಡುತ್ತದೆ. ವೈದ್ಯಕೀಯ ಕಾಲೇಜಿನ ಅಧ್ಯಾಪಕರೊಬ್ಬರನ್ನು ಜೊತೆಗೂಡಿಸಿಕೊಂಡರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬಾಗಿಲೂ ತೆರೆಯುತ್ತದೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಕಾಲೇಜುಗಳ ಅಧ್ಯಾಪಕರಿಗೆ ಕೊಡುವ ಅನುದಾನಗಳೂ ಇವೆ. ಕಂಪನಿಗಳ ಸಾಮಾಜಿಕ ಹೊಣೆಯ ನಿಧಿಯನ್ನೂ ಮರೆಯಬೇಡಿ. 2013ರ ಕಂಪನಿ ಕಾಯಿದೆಯ ಪ್ರಕಾರ ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ನ್ನು ಇದಕ್ಕೆ ವಿನಿಯೋಗಿಸಬೇಕು. ಅವುಗಳಲ್ಲಿ ಹೆಚ್ಚಿನವು ಕಟ್ಟಡ, ಬಸ್ಸು, ವ್ಹೀಲ್‌ಚೇರುಗಳಿಗೆ ಕೊಡುತ್ತವೆ, ಫೋಟೋ ತೆಗೆಯಲು ಬರುತ್ತದಲ್ಲ. ಅಡಿಕೆ ಮಾರಾಟ ಸಹಕಾರ ಸಂಘಗಳು ಈ ಕಾಯಿದೆಗೆ ಒಳಪಡುವುದಿಲ್ಲ, ಆದರೂ ಸಣ್ಣ ಮೊತ್ತವನ್ನು ಆಡಳಿತ ಮಂಡಳಿಯ ಮುಂದೆ ಕೇಳಲು ಅಡ್ಡಿಯಿಲ್ಲ.

ವಿಷಯದ ಬಗ್ಗೆ ನನ್ನ ಸಲಹೆ ಇದು: ಒಂದು ಕುಟುಂಬಕ್ಕೆ ತಗಲುವ ಪೂರ್ಣ ಖರ್ಚನ್ನು ಲೆಕ್ಕ ಹಾಕಿ. ಥೆರಪಿಯ ಶುಲ್ಕ ಕಣ್ಣಿಗೆ ಕಾಣುತ್ತದೆ. ಬಸ್ಸಿನ ಹಣ, ಹೋಟೆಲ್ ಊಟ, ತಂದೆಯ ಕೂಲಿ ನಷ್ಟ, ತಾಯಿ ಬಿಟ್ಟ ಕೆಲಸ, ಅಣ್ಣನನ್ನು ಹಾಸ್ಟೆಲ್‌ಗೆ ಸೇರಿಸಿದ್ದು, ವಿಕಲಚೇತನರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡಿಗಾಗಿ ಅಲೆದದ್ದು, ಹರಕೆ ತೀರಿಸಲು ಹೋದದ್ದು, ಇವು ಯಾವ ಬಿಲ್ಲಿನಲ್ಲಿಯೂ ಬರುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಆಟಿಸಂ ಸೇರಿದಂತೆ 21 ವೈಕಲ್ಯಗಳನ್ನು ಗುರುತಿಸಿದೆ. ಆ ಮನ್ನಣೆಯಿಂದ ಕುಟುಂಬಕ್ಕೆ ಕೈಗೆ ಬಂದದ್ದೆಷ್ಟು, ಕೈಯಿಂದ ಹೋದದ್ದೆಷ್ಟು ಎಂಬ ಎರಡು ಅಂಕಣಗಳ ಪಟ್ಟಿಯನ್ನು ಮುಂದಿಟ್ಟರೆ ಜಿಲ್ಲಾ ಪಂಚಾಯಿತಿಯ ಸಭೆಯಲ್ಲಿ ಅದನ್ನು ತಳ್ಳಿಹಾಕುವುದು ಕಷ್ಟ.

ಕುಟುಂಬಗಳನ್ನು ಹುಡುಕಲು ಪಂಚಾಯಿತಿಗಳ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಿರಿ, ಅವರಲ್ಲಿ ಅನೇಕರು ಸ್ವತಃ ವಿಕಲಚೇತನರು, ಯಾವ ಮನೆಗೆ ಯಾವ ಹೊತ್ತಿಗೆ ಹೋಗಬೇಕೆಂಬುದು ಅವರಿಗೆ ಗೊತ್ತಿರುತ್ತದೆ. ಅವರ ಪ್ರಯಾಣದ ಖರ್ಚನ್ನು ನಿಮ್ಮ ಬಜೆಟ್ಟಿನಲ್ಲಿ ಸೇರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಅಲ್ಲಿಂದ ಜನವರಿವರೆಗೆ ಅಡಿಕೆ ಕೊಯ್ಲು, ಈ ಅವಧಿಯಲ್ಲಿ ಯಾವ ಮನೆಯವರಿಗೂ ಒಂದು ಗಂಟೆ ಕುಳಿತು ಮಾತಾಡಲು ಪುರುಸೊತ್ತು ಇರುವುದಿಲ್ಲ. ಕ್ಷೇತ್ರಕಾರ್ಯವನ್ನು ಫೆಬ್ರವರಿಯಿಂದ ಮೇ ತಿಂಗಳೊಳಗೆ ಇಟ್ಟುಕೊಳ್ಳಿ, ವಿಶ್ವವಿದ್ಯಾಲಯದ ನೈತಿಕ ಸಮಿತಿಗೆ ಅರ್ಜಿಯನ್ನು ಮಳೆಗಾಲದಲ್ಲಿಯೇ ಸಲ್ಲಿಸಿ.